ಒಂದೇ ಜೀನ್, ಎದಿಗೊಂದು ಕಾಲಿಗೊಂದು ಪ್ರೋಟೀನ್: ಕೋಳಿ ಸ್ನಾಯುವಿನ ಟ್ರೊಪೊನಿನ್ ಟಿ

ಜ್ಞಾನಗಂಗಾ ವಿದ್ಯಾರ್ಥಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ಎಂಎಸ್ಸಿ ಪ್ರಾಜೆಕ್ಟಿಗೆ ಪರ್ಯಾಯ ಸ್ಪ್ಲೈಸಿಂಗ್ (ಒಂದೇ ಜೀನಿನ ಆರ್‌ಎನ್‌ಎ ತುಂಡುಗಳನ್ನ ಬೇರೆ ಬೇರೆ ಥರ ಜೋಡಿಸೂದು) ವಿಷಯ ಅದ. ಫಾರಂ ಕೋಳಿಯ ಎದಿ ಮಾಂಸ, ಕಾಲಿನ ಮಾಂಸ ಎರಡರಿಂದಲೂ ಆರ್‌ಎನ್‌ಎ ತೆಗೆದು, ವೇಗದ ಸ್ನಾಯುವಿನ ಟ್ರೊಪೊನಿನ್ ಟಿ (ಸ್ನಾಯು ಸಂಕೋಚನಕ್ಕ ಬೇಕಾದ ಒಂದು ಪ್ರೋಟೀನ್) ಜೀನಿನ ಮುಂಭಾಗಕ್ಕ ಪಿಸಿಆರ್ (ಆ ಭಾಗದ ಡಿಎನ್‌ಎಯ ಬಾಳ ಪ್ರತಿ ಮಾಡೂದು) ಹಾಕಿದ್ದದ. 2 ಪರ್ಸೆಂಟ್ ಅಗರೋಸ್ ಜೆಲ್ ಮ್ಯಾಲ ಎದಿಯ ಬ್ಯಾಂಡ್ ಮ್ಯಾಲೆ ನಿಂತದ, ಕಾಲಿಂದು ಕೆಳಗ ಇಳಿದದ. ಕಾಲಿಂದು ಒಂದೇ ಗೆರೆ ಅಲ್ಲ, ಮಬ್ಬಾಗಿ ಮೂರ್ನಾಲ್ಕು ಕಾಣ್ತಾವ.

ಮೂರು ಪ್ರಶ್ನಿ ಅದಾವ. ಎದಿಗೂ ಕಾಲಿಗೂ ಜೀನ್ ಒಂದೇನಾ, ಬೇರೆ ಬೇರೆನಾ? ಈ ಮಬ್ಬು ಬ್ಯಾಂಡ್ ಖರೇನೇ ಬೇರೆ ಬೇರೆ ಎಂಆರ್‌ಎನ್‌ಎನಾ (ಪ್ರೋಟೀನ್ ಮಾಡಾಕ ಸಿದ್ಧವಾದ ಆರ್‌ಎನ್‌ಎ), ಪಿಸಿಆರ್ ತಪ್ಪಾ? ಪ್ರೋಟೀನ್ ಮಟ್ಟದಾಗ ಇದನ್ನ ಹೆಂಗ ತೋರಿಸೂದು?

ಬೀದರ ಪಶುವೈದ್ಯೆ

ಜೀನ್ ಒಂದೇ. ಹಕ್ಕಿಗಳಲ್ಲಿ ಟ್ರೊಪೊನಿನ್ ಟಿಗೆ ಮೂರು ಜೀನ್‌ಗಳಿವೆ: ಹೃದಯದ್ದು ಒಂದು, ನಿಧಾನ ಸ್ನಾಯುವಿನದು ಒಂದು, ವೇಗದ ಸ್ನಾಯುವಿನದು ಒಂದು. ನೀವು ನೋಡುತ್ತಿರುವ ಎದೆಯ ರೂಪ, ಕಾಲಿನ ರೂಪ ಎರಡೂ ಈ ಮೂರನೆಯದರಿಂದಲೇ ಬರುತ್ತವೆ. ವ್ಯತ್ಯಾಸ ಹುಟ್ಟುವುದು ಜೀನ್ ನಕಲಾದ ಮೇಲೆ, ಆರ್‌ಎನ್‌ಎ ಹೊಲಿಗೆಯಲ್ಲಿ, ಅಂದರೆ ಸ್ಪ್ಲೈಸಿಂಗ್‌ನಲ್ಲಿ.

ನಮ್ಮ ಕಡೆ ಕೌದಿ ಹೊಲಿಯುವುದನ್ನು ನೋಡಿದ್ದೀರಲ್ಲ. ಹಳೇ ಸೀರೆಯಲ್ಲಿ ಸವೆದ ಭಾಗ ಕತ್ತರಿಸಿ ತೆಗೆದು, ಗಟ್ಟಿ ತುಂಡುಗಳನ್ನಷ್ಟೇ ಸಾಲಾಗಿ ಜೋಡಿಸುತ್ತಾರೆ. ಕತ್ತರಿಸಿ ಎಸೆಯುವುದು ಇಂಟ್ರಾನ್, ಉಳಿಸಿ ಹೊಲಿಯುವುದು ಎಕ್ಸಾನ್. ಜೀನುಗಳು ಹೀಗೆ ತುಂಡು ತುಂಡಾಗಿವೆ ಎಂದು ಗೊತ್ತಾದದ್ದು 1977ರಲ್ಲಿ, ಅಡಿನೋವೈರಸ್ ಮೇಲಿನ ಕೆಲಸದಿಂದ. ಅದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಕೌದಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಎಕ್ಸಾನ್‌ಗಳ ಸಾಲು ಹಿಂದುಮುಂದಾಗುವುದಿಲ್ಲ. ಮೂರನೆಯದನ್ನು ಬಿಡಬಹುದು, ಆದರೆ ಐದನೆಯದನ್ನು ತಂದು ಎರಡನೆಯದರ ಮುಂದೆ ಹಚ್ಚುವುದಿಲ್ಲ.

ಕೋಳಿಯ ವೇಗದ ಸ್ನಾಯುವಿನ ಟ್ರೊಪೊನಿನ್ ಟಿ ಜೀನಿನಲ್ಲಿ 5ನೇ ಮತ್ತು 6ನೇ ಎಕ್ಸಾನ್ ನಡುವೆ ಪಿ1ರಿಂದ ಪಿ7ರವರೆಗೆ ಏಳು ಪುಟ್ಟ ಎಕ್ಸಾನ್‌ಗಳಿವೆ. ಸಸ್ತನಿಗಳಲ್ಲಿ ಇವಿಲ್ಲ. ಬೆಳೆದ ಕೋಳಿಯ ಎದೆ ಸ್ನಾಯು ಇವನ್ನು ಇಟ್ಟುಕೊಳ್ಳುತ್ತದೆ, ಕಾಲಿನ ಸ್ನಾಯು ಬಿಡುತ್ತದೆ. ಉದ್ದ ತುಂಡು ಜೆಲ್‌ನಲ್ಲಿ ಮೇಲೆಯೇ ಉಳಿಯುತ್ತದೆ; ಎದೆಯ ಬ್ಯಾಂಡ್ ಮೇಲೆ ನಿಂತಿರುವುದು ಅದಕ್ಕೇ. ಇದಲ್ಲದೆ 4, ಡಬ್ಲ್ಯು, 6, 7, 8, ವೈ ಎಂಬ ಎಕ್ಸಾನ್‌ಗಳೂ ಬೇಕಾದಾಗ ಸೇರಿ ಬೇಡವಾದಾಗ ಬಿಟ್ಟುಹೋಗುವಂಥವು. ಕಾಲಿನಲ್ಲಿ ಮೂರ್ನಾಲ್ಕು ಬ್ಯಾಂಡ್ ಕಂಡರೆ ಅಚ್ಚರಿ ಇಲ್ಲ. ಬಾಲದ ಕಡೆ 16 ಮತ್ತು 17 ಇವೆ. ಅವೆರಡರಲ್ಲಿ ಒಂದು ಬಂದರೆ ಇನ್ನೊಂದು ಬರುವುದಿಲ್ಲ. ನಿಮ್ಮ ಪ್ರೈಮರ್ (ಪಿಸಿಆರ್ ಶುರು ಮಾಡುವ ಪುಟ್ಟ ಡಿಎನ್‌ಎ ತುಂಡು) ಮುಂಭಾಗದಲ್ಲಿದ್ದರೆ ಆ ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ.

ಕೋಳಿಯ ವಯಸ್ಸು ಎಷ್ಟು? ಎದೆಯ ಈ ದೊಡ್ಡ ರೂಪ ಹುಟ್ಟಿನಿಂದ ಇರುವುದಿಲ್ಲ, ಮರಿ ಬೆಳೆಯುತ್ತಾ ಬರುತ್ತದೆ. 35-40 ದಿನಕ್ಕೆ ಕಡಿಯುವ ಬ್ರಾಯ್ಲರ್ ಒಂದು, ವರ್ಷದ ಜವಾರಿ ಹುಂಜ ಒಂದು ತಗೊಂಡು ಹೋಲಿಸಿದರೆ ಅದು ಎದೆ-ಕಾಲಿನ ಹೋಲಿಕೆ ಆಗುವುದಿಲ್ಲ, ವಯಸ್ಸಿನ ಹೋಲಿಕೆಯೂ ಅದರಲ್ಲಿ ಬೆರೆತುಬಿಡುತ್ತದೆ. ಎದೆ, ಕಾಲು ಎರಡೂ ಒಂದೇ ಹಕ್ಕಿಯದೇ ಇರಲಿ. ಅಂಥ ಹಕ್ಕಿ ಮೂರಾದರೂ ಬೇಕು.

ಯಾದಗಿರಿ ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಇಷ್ಟೆಲ್ಲ ತುಂಡು ಬಿಟ್ಟರೂ ಪ್ರೋಟೀನ್ ಹಾಳಾಗದಿರುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದಲಾಗುತ್ತದೆ. ಕನ್ನಡ ಛಂದಸ್ಸಿನಲ್ಲಿ ಅಕ್ಷರಗಣ ಹಾಕಿದಂತೆಯೇ. ವೃತ್ತದ ಸಾಲಿನಲ್ಲಿ ಒಂದು ಅಕ್ಷರ ಕಳೆದುಹೋದರೆ ಅಲ್ಲಿಂದಾಚೆಗಿನ ಎಲ್ಲ ಗಣ ಕೆಡುತ್ತದೆ. ಸರಿಯಾಗಿ ಮೂರು ಅಕ್ಷರದ ಒಂದು ಗಣವನ್ನೇ ತೆಗೆದರೆ ಉಳಿದ ಗಣಗಳು ಇದ್ದಂತೆಯೇ ಇರುತ್ತವೆ, ಸಾಲು ಗಿಡ್ಡವಾಗುತ್ತದೆ ಅಷ್ಟೆ.

ಬಿಟ್ಟು ಸೇರಿಸುವ ಎಕ್ಸಾನ್‌ಗಳ ಅಳತೆ ಮೂರರಿಂದ ಭಾಗವಾಗಬೇಕಾದದ್ದು ಈ ಕಾರಣಕ್ಕೆ. ಕೋಳಿ ಹೃದಯದ ಟ್ರೊಪೊನಿನ್ ಟಿಯ 5ನೇ ಎಕ್ಸಾನ್ 30 ಅಕ್ಷರ, ಅಂದರೆ 10 ಅಮೈನೋ ಆಮ್ಲ. ಅದು ಬಂದರೂ ಹೋದರೂ ಮುಂದಿನ ಓದು ಕೆಡುವುದಿಲ್ಲ. ಹೊಸದಾಗಿ ಯಾವುದೇ ಬ್ಯಾಂಡ್ ಕಂಡರೆ ಮೊದಲು ಮಾಡಬೇಕಾದ ಲೆಕ್ಕ ಇದು: ವ್ಯತ್ಯಾಸವನ್ನು ಮೂರರಿಂದ ಭಾಗಿಸಿ. ಶೇಷ ಉಳಿದರೆ ಅದು ಅರ್ಧಕ್ಕೆ ನಿಲ್ಲುವ ಎಂಆರ್‌ಎನ್‌ಎ ಇರಬಹುದು, ಜೀವಕೋಶ ಅದನ್ನು ಒಡೆದುಹಾಕುವ ಸಾಧ್ಯತೆಯೂ ಇದೆ.

ಜೆಲ್ ಬಸು (ಕಲಬುರಗಿ)

ತಮ್ಮಾ, ಮೊದಲ ಪ್ರಾಜೆಕ್ಟಿಗೆ ವೇಗದ ಸ್ನಾಯುವಿನ ಜೀನ್ ಕಠಿಣ ಆಗ್ತದ. ಬಿಟ್ಟು ಸೇರೋ ಎಕ್ಸಾನ್ ಬಾಳ, ಒಂದೊಂದು ಬ್ಯಾಂಡಿಗೂ ಹೆಸರು ಹಚ್ಚೂದು ಜೆಲ್ ಮ್ಯಾಲ ಆಗಂಗಿಲ್ಲ. ಮೇಷ್ಟ್ರು ಹೇಳಿದ ಹೃದಯದ ಟ್ರೊಪೊನಿನ್ ಟಿ 5ನೇ ಎಕ್ಸಾನ್ ಹಿಡೀರಿ. ಒಂದೇ ಎಕ್ಸಾನ್, ಎರಡೇ ಉತ್ತರ: ಅದ ಇಲ್ಲಾ ಇಲ್ಲ. ಭ್ರೂಣದ ಹೃದಯದಾಗ ಸೇರ್ತದ, ಬೆಳೆದ ಕೋಳಿಯ ಹೃದಯದಾಗ ಬಿಟ್ಟುಹೋಗ್ತದ. ಒಂದೇ ಜೀನಿನಿಂದ ಎರಡೂ ಬರ್ತಾವ ಅಂತ 1985ರಾಗ ಕೂಪರ್ ಮತ್ತು ಆರ್ಡಾಲ್ ತೋರಿಸ್ಯಾರ. ಅದು ಕೈಗೆ ಬಂದ ಮ್ಯಾಲ ಎದಿ-ಕಾಲಿಗೆ ಬರ್ರಿ.

ಮಾಂಸ ತರೂದರಾಗೇ ಅರ್ಧ ಕೆಲಸ ಕೆಡ್ತದ. ಏಪ್ರಿಲ್-ಮೇದಾಗ ಇಲ್ಲಿ 40 ಡಿಗ್ರಿ ದಾಟ್ತದ. ಚಿಕನ್ ಅಂಗಡ್ಯಾಗಿಂದ ಪ್ಲಾಸ್ಟಿಕ್ ಚೀಲದಾಗ ತಂದ ಮಾಂಸದಿಂದ ಆರ್‌ಎನ್‌ಎ ತೆಗಿಬ್ಯಾಡ್ರಿ. ಆರ್‌ಎನ್‌ಎ ಕಾಯೋ ದ್ರಾವಣ ಟ್ಯೂಬಿನಾಗ ತುಂಬಿಕೊಂಡು ಅಲ್ಲೇ ಹೋಗ್ರಿ. ಕಡಿದ ಕೂಡಲೇ ತುಂಡು ತಗೊಂಡು, ಅರ್ಧ ಸೆಂಟಿಮೀಟರಿಗಿಂತ ತೆಳ್ಳಗ ಹೆಚ್ಚಿ, ಮಾಂಸದ ಐದು ಪಟ್ಟು ದ್ರಾವಣದಾಗ ಮುಳುಗಸ್ರಿ. ದಪ್ಪ ತುಂಡು ಹಾಕಿದ್ರ ಹೊರಗ ಉಳಿದು ನಡುವ ಕೊಳೀತದ. ರಾತ್ರಿ 4 ಡಿಗ್ರಿ ಫ್ರಿಜ್ಜಿನಾಗ ಇಟ್ಟು ಆಮ್ಯಾಲ ಮೈನಸ್ 20ಕ್ಕ ಹಾಕ್ರಿ.

ಆರ್‌ಎನ್‌ಎಗೆ 50ರಿಂದ 100 ಮಿಲಿಗ್ರಾಂ ಮಾಂಸ, 1 ಮಿಲಿ ಟ್ರೈಜಾಲ್ (ಆರ್‌ಎನ್‌ಎ ಬಿಡಿಸೋ ಫೀನಾಲ್ ದ್ರಾವಣ). ಜಾಸ್ತಿ ಮಾಂಸ ಹಾಕಿದ್ರ ಜಾಸ್ತಿ ಆರ್‌ಎನ್‌ಎ ಬರಂಗಿಲ್ಲ. ಸ್ನಾಯುದಾಗ ಪ್ರೋಟೀನ್ ಬಾಳ, ನಡುವಿನ ಬಿಳಿ ಪದರ ದಪ್ಪಾಗಿ ಮ್ಯಾಲಿನ ನೀರಿಗೆ ಬೆರೀತದ. ಪೂರ್ತಿ ಅರದ ಮ್ಯಾಲ ಒಂದು ಸಲ 12,000 ಜಿ ಒಳಗ 10 ನಿಮಿಷ ತಿರುಗಿಸಿ ಗಸಿ ಬಿಟ್ಟು ತಿಳಿ ತಗೋರಿ. ಆಮ್ಯಾಲ 200 ಮೈಕ್ರೊಲೀಟರ್ ಕ್ಲೋರೊಫಾರ್ಮ್ ಹಾಕಿ ಜೋರಾಗಿ ಅಲುಗಾಡಿಸಿ, 12,000 ಜಿ, 4 ಡಿಗ್ರಿ, 15 ನಿಮಿಷ. ಮ್ಯಾಲಿನ ಬಣ್ಣ ಇಲ್ಲದ ನೀರು ಪೂರ್ತಿ ಎಳೀಬ್ಯಾಡ್ರಿ, ಕೆಳಗ ಸ್ವಲ್ಪ ಬಿಡ್ರಿ. 500 ಮೈಕ್ರೊಲೀಟರ್ ಐಸೊಪ್ರೊಪನಾಲ್ ಹಾಕಿ ಇಳಿಸಿ, 75 ಪರ್ಸೆಂಟ್ ಇಥನಾಲ್ 1 ಮಿಲಿ ಹಾಕಿ ತೊಳೀರಿ. 260/280 ಲೆಕ್ಕ (260, 280 ನ್ಯಾನೊಮೀಟರಿನಾಗ ಬೆಳಕು ಹೀರೋ ಅನುಪಾತ, ಶುದ್ಧತೆಯ ಗುರುತು) 2ರ ಆಜೂಬಾಜೂ ಇರಬೇಕು. 260/230 ಕಡಿಮಿ ಬಂದ್ರ ಉಪ್ಪು ಇಲ್ಲಾ ಫೀನಾಲ್ ಉಳಿದದ ಅಂತ ತಿಳ್ಕೊಂಡು ಇನ್ನೊಮ್ಮೆ ಇಥನಾಲ್ ತೊಳಿಯೂದು.

ಡಿಎನ್‌ಏಸ್ (ಉಳಿದ ಡಿಎನ್‌ಎ ಒಡಿಯೋ ಕಿಣ್ವ) ಹಾಕೂದು ಮರೀಬ್ಯಾಡ್ರಿ. 1 ಮೈಕ್ರೊಗ್ರಾಂ ಆರ್‌ಎನ್‌ಎಯಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡ್ರಿ. ಜೊತಿಗೆ ಈ ಪ್ರತಿ ಮಾಡೋ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಇರಲೇಬೇಕು. ಅದರಾಗ ಬ್ಯಾಂಡ್ ಬಂದ್ರ ಅದು ಜೀನೋಮಿಕ್ ಡಿಎನ್‌ಎ, ಎಂಆರ್‌ಎನ್‌ಎ ಅಲ್ಲ.

ಪ್ರೈಮರ್ ಒಂದು ಹೃದಯದ ಜೀನಿನ 4ನೇ ಎಕ್ಸಾನಿನಾಗ, ಇನ್ನೊಂದು 6ನೇದರಾಗ, ಅಂದ್ರ ಯಾವಾಗಲೂ ಇರೋ ಎಕ್ಸಾನಿನಾಗ ಕೂಡ್ರಬೇಕು. 5ನೇ ಎಕ್ಸಾನಿನಾಗೇ ಪ್ರೈಮರ್ ಇಟ್ರ ಅದು ಸೇರಿದ್ದಷ್ಟೇ ಕಾಣ್ತದ, ಬಿಟ್ಟಿದ್ದು ಕಾಣಂಗಿಲ್ಲ. ಪ್ರಮಾಣ ತೆಗಿಯಾಕ ಎರಡೂ ಒಂದೇ ಟ್ಯೂಬಿನಾಗ ಬರಬೇಕು. ಒಟ್ಟು ತುಂಡು 100ರಿಂದ 200 ಜೋಡಿ ಇದ್ರ 30ರ ವ್ಯತ್ಯಾಸ ಛಲೋ ಕಾಣ್ತದ. 700 ಜೋಡಿ ತುಂಡಿನಾಗ 30ರ ವ್ಯತ್ಯಾಸ ಹುಡುಕೂದು ಕಣ್ಣಿಗೆ ಶಿಕ್ಷೆ. 2 ಪರ್ಸೆಂಟ್ ಅಗರೋಸ್ ಬಿಡ್ರಿ. 8 ಪರ್ಸೆಂಟ್ ಪಾಲಿಅಕ್ರಿಲಮೈಡ್ ಬೇಕು, ಇಲ್ಲಾಂದ್ರ 3 ಪರ್ಸೆಂಟ್ ಅಗರೋಸ್ ನಿಧಾನಕ್ಕ ಓಡಸ್ರಿ.

ಜ್ಞಾನಗಂಗಾ ವಿದ್ಯಾರ್ಥಿ

ಪಾಲಿಅಕ್ರಿಲಮೈಡ್ ಮ್ಯಾಲ ಹಾಕಿ ನೋಡಿದ್ರ ಎರಡು ಬ್ಯಾಂಡಿನ ಮ್ಯಾಲ ಇನ್ನೊಂದು ತೆಳ್ಳಗ ಬರ್ತದ ಸರ್. 35 ಸೈಕಲ್ ಕೊಟ್ಟದ. ಮೂರನೇ ರೂಪ ಅಂತ ಬರೀಬಹುದಾ?

ಜೆಲ್ ಬಸು

ಬರೀಬ್ಯಾಡ್ರಿ. ಅದು ಹೆಟೆರೊಡುಪ್ಲೆಕ್ಸ್ ಇರೂದೇ ಹೆಚ್ಚು. ಪಿಸಿಆರ್ ಕೊನೀ ಸೈಕಲ್‌ಗಳಾಗ ಪ್ರೈಮರ್ ಕಡಿಮಿ ಆಗಿ, ಉದ್ದನ ತುಂಡಿನ ಒಂದು ಎಳಿ ಗಿಡ್ಡ ತುಂಡಿನ ಇನ್ನೊಂದು ಎಳಿ ಕೂಡ ಜೋಡಿ ಆಗ್ತದ. ಜೋಡಿ ಸಿಗದ 30 ಅಕ್ಷರ ನಡುವ ಗಂಟಾಗಿ ಹೊರಗ ನಿಲ್ತದ. ಆ ಗಂಟಿನ ಸಲುವಾಗಿ ಪಾಲಿಅಕ್ರಿಲಮೈಡಿನ ಸಣ್ಣ ತೂತಿನಾಗ ಅದು ಸಿಕ್ಕೊಂಡು, ಎರಡೂ ಬ್ಯಾಂಡಿಗಿಂತ ಮ್ಯಾಲ ನಿಲ್ತದ. ಅಗರೋಸಿನಾಗ ತೂತು ದೊಡ್ಡವು, ಅಲ್ಲಿ ಅಷ್ಟು ಗೊತ್ತಾಗಂಗಿಲ್ಲ.

ಪರೀಕ್ಷೆ ಸರಳ ಅದ. ಆಗಿರೋ ಪಿಸಿಆರ್ ಅನ್ನ ಹತ್ತು ಪಟ್ಟು ತೆಳ್ಳಗ ಮಾಡಿ, ಹೊಸ ಪ್ರೈಮರ್, ಹೊಸ ಮಿಶ್ರಣದಾಗ ಮೂರೇ ಸೈಕಲ್ ಓಡಸ್ರಿ. ಮ್ಯಾಲಿನ ಬ್ಯಾಂಡ್ ಮಾಯ ಆದ್ರ ಅದು ಹೆಟೆರೊಡುಪ್ಲೆಕ್ಸ್. ಯೂರಿಯಾ ಹಾಕಿದ ಜೆಲ್ ಮ್ಯಾಲೂ ಅದು ಉಳಿಯಂಗಿಲ್ಲ, ಯಾಕಂದ್ರ ಅಲ್ಲಿ ಎಳಿ ಬಿಚ್ಚಿರ್ತಾವ.

35 ಸೈಕಲ್ ಬಾಳ ಆಯ್ತು. 22, 24, 26, 28ಕ್ಕ ಒಂದೊಂದು ಟ್ಯೂಬ್ ತೆಗೆದು ನೋಡ್ರಿ. ಎರಡು ಬ್ಯಾಂಡಿನ ಪ್ರಮಾಣ ಎಲ್ಲೀತನ ಒಂದೇ ಇರ್ತದೋ ಅಲ್ಲೀತನ ಮಾತ್ರ ನಂಬಬೇಕು. ಸೈಕಲ್ ಏರಿದಂಗ ಗಿಡ್ಡ ತುಂಡು ಮುಂದ ಓಡ್ತದ, 'ಬಿಟ್ಟುಹೋಗಿದ್ದು' ಸುಮ್ನ ಹೆಚ್ಚು ಕಾಣ್ತದ.

ಇನ್ನೊಂದು ತಪ್ಪು ಎಲ್ಲಾರೂ ಮಾಡ್ತಾರ. ಇಥಿಡಿಯಂ ಬ್ರೋಮೈಡ್ ಬೆಳಕು ಅಣುಗಳ ಲೆಕ್ಕ ಅಲ್ಲ, ತೂಕದ ಲೆಕ್ಕ. ಉದ್ದನ ತುಂಡು ಅಷ್ಟೇ ಸಂಖ್ಯೆಯಾಗ ಇದ್ರೂ ಹೆಚ್ಚು ಹೊಳೀತದ. ಸೇರಿದ್ದು 150 ಜೋಡಿ, ಬಿಟ್ಟಿದ್ದು 120 ಜೋಡಿ ಅಂತ ತಿಳ್ಕೋರಿ. ಹೊಳಪು 600 ಮತ್ತು 480 ಬಂತು. ನೇರ ಭಾಗಿಸಿದ್ರ 55.6 ಪರ್ಸೆಂಟ್ ಸೇರಿದೆ ಅಂತ ಬರ್ತದ. ಉದ್ದದಿಂದ ಭಾಗಿಸಿದ್ರ 600/150 ಅಂದ್ರ 4, 480/120 ಅಂದ್ರೂ 4. ಖರೇ ಉತ್ತರ 50 ಪರ್ಸೆಂಟ್. ಪಿಎಸ್‌ಐ (ಎಕ್ಸಾನ್ ಸೇರಿದ ಶೇಕಡಾ ಪ್ರಮಾಣ) ಅಂತ ಬರಿಯೂದು ಈ ಎರಡನೇ ಅಂಕಿ.

ಬ್ಯಾಂಡ್ ಕತ್ತರಿಸಿ ಸೀಕ್ವೆನ್ಸ್ ಮಾಡಿಸೂದು ಬಿಡಬ್ಯಾಡ್ರಿ. ಆದ್ರ 120 ಜೋಡಿ ತುಂಡು ನೇರ ಕಳಿಸಿದ್ರ ಸ್ಯಾಂಗರ್ ಓದಿನಾಗ ಮೊದಲ 30-40 ಅಕ್ಷರ ಕೆಟ್ಟು ಹೋಗ್ತಾವ, ಉಳಿಯೂದು ಏನೂ ಇರಂಗಿಲ್ಲ. ಟಿ-ವೆಕ್ಟರಿನಾಗ (ತುಂಡು ಸೇರಿಸಾಕ ಇರೋ ದೊಡ್ಡ ಡಿಎನ್‌ಎ) ಹಾಕಿ ಕಳಸ್ರಿ.

ಹುಮನಾಬಾದ ಜವಾರಿ

ಹೆವಿ ಚೈನ್ ಮಯೋಸಿನ್ (ಸ್ನಾಯುವಿನ ಇನ್ನೊಂದು ಪ್ರೋಟೀನಿನ ದೊಡ್ಡ ಭಾಗ) ಬಗ್ಗೆಯೂ ಇದೇ ತರಹ ಬರೆಯಬಹುದಲ್ಲವೇ? ಎದೆಯ ಮಯೋಸಿನ್ ಬೇರೆ, ಭ್ರೂಣದ್ದು ಬೇರೆ ಎಂದು ಎಲ್ಲ ಪುಸ್ತಕದಲ್ಲೂ ಇದೆ. ಅದೂ ಸ್ಪ್ಲೈಸಿಂಗ್ ತಾನೆ?

ಬೀದರ ಪಶುವೈದ್ಯೆ

ಅಲ್ಲ. ಪ್ರಾಜೆಕ್ಟ್ ವರದಿಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೋಳಿಯಲ್ಲಿ ವೇಗದ ಮಯೋಸಿನ್ ಹೆವಿ ಚೈನ್‌ನ ಭ್ರೂಣದ ರೂಪ, ಮರಿಯ ರೂಪ, ಬೆಳೆದ ರೂಪ ಇವೆಲ್ಲ ಬೇರೆ ಬೇರೆ ಜೀನ್‌ಗಳಿಂದ ಬರುತ್ತವೆ. ಒಂದು ಜೀನ್ ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ. ಒಂದೇ ಮಯೋಸಿನ್ ಹೆವಿ ಚೈನ್ ಜೀನಿನಿಂದ ಎಲ್ಲ ಸ್ನಾಯುವಿಗೂ ಬೇಕಾದ ರೂಪ ಹೊಲಿದುಕೊಳ್ಳುವುದು ಹಣ್ಣಿನ ನೊಣ ಡ್ರೊಸೊಫಿಲಾ; ಅದರಲ್ಲಿ ಲೆಕ್ಕಕ್ಕೆ 480 ಜೋಡಣೆ ಸಾಧ್ಯ. ನೊಣದ ಚಿತ್ರವನ್ನು ಕೋಳಿಗೆ ಅಂಟಿಸಬಾರದು.

ಮಯೋಸಿನ್‌ನಲ್ಲೇ ಉದಾಹರಣೆ ಬೇಕಿದ್ದರೆ ಲೈಟ್ ಚೈನ್ ನೋಡಿ. ಎಲ್‌ಸಿ1 ಮತ್ತು ಎಲ್‌ಸಿ3 ಎರಡೂ ಒಂದೇ ಜೀನಿನವು ಎಂದು ನಬೆಶಿಮಾ ಮತ್ತು ಸಂಗಡಿಗರು 1984ರಲ್ಲಿ ಕೋಳಿಯಲ್ಲೇ ತೋರಿಸಿದರು. ಅಲ್ಲಿ ಒಂದು ವಿಶೇಷ ಇದೆ. ನಕಲು ಶುರುವಾಗುವ ಜಾಗವೇ ಎರಡು. ಎಲ್ಲಿಂದ ಶುರುವಾಯಿತು ಎಂಬುದರ ಮೇಲೆ ಯಾವ ಮುಂಭಾಗದ ಎಕ್ಸಾನ್ ಜೋಡಣೆಯಾಗುತ್ತದೆ ಎಂಬುದು ನಿಂತಿದೆ. ಆದ್ದರಿಂದ ಅದನ್ನು ಬರೀ ಸ್ಪ್ಲೈಸಿಂಗ್ ಎಂದು ಬರೆದರೆ ಅರ್ಧ ಸತ್ಯ, ಪ್ರೊಮೋಟರ್ (ನಕಲು ಶುರು ಮಾಡಿಸುವ ಜಾಗ) ಆಯ್ಕೆಯನ್ನೂ ಸೇರಿಸಬೇಕು.

ಸುರಪುರದವ

ಎದೆಗೆ ಈ ಹೆಚ್ಚುವರಿ ಎಕ್ಸಾನ್‌ಗಳು ಯಾಕೆ ಬೇಕು? ಹಾರುವುದಕ್ಕೆ ರೆಕ್ಕೆ ಬಡಿಯುವ ಸ್ನಾಯು ಎದೆಯದ್ದಲ್ಲವೇ? ಹಾರಾಟಕ್ಕಾಗಿ ಬಂದದ್ದು ಎನ್ನಬಹುದೇ?

ಬೀದರ ಪಶುವೈದ್ಯೆ

ಹಾಗೆನ್ನಲು ಪಾರಿವಾಳ ಬಿಡುವುದಿಲ್ಲ. ಪಿ ಎಕ್ಸಾನ್‌ಗಳಿಂದ ಬರುವ ತುಂಡಿನಲ್ಲಿ ಹಿಸ್ಟಿಡಿನ್, ಗ್ಲುಟಮೇಟ್, ಗ್ಲುಟಮೇಟ್, ಅಲನಿನ್, ಹಿಸ್ಟಿಡಿನ್ ಎಂಬ ಐದರ ಸಾಲು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಟಿಎಕ್ಸ್ ಎಂದು ಹೆಸರು. ಇದು ಕೋಳಿ, ನವಿಲು, ಗೌಜಲಕ್ಕಿ, ಟರ್ಕಿ ಸೇರುವ ಗುಂಪಿನಲ್ಲಿ ಮತ್ತು ಅದರ ಹತ್ತಿರದ ನೆಂಟರಲ್ಲಿ ಇದೆ. ಪಾರಿವಾಳದಂಥ ದಿನವಿಡೀ ಹಾರುವ ಹಕ್ಕಿಗಳು ಇದಿಲ್ಲದೆಯೇ ಹಾರುತ್ತವೆ. ಹಾರಾಟಕ್ಕೆ ಇದು ಬೇಕೇ ಬೇಕು ಎಂಬ ವಾದ ಅಲ್ಲೇ ಬಿದ್ದುಹೋಯಿತು.

ಟ್ರೊಪೊನಿನ್ ಟಿ ಏನು ಮಾಡುತ್ತದೆ ಎಂಬುದರಿಂದ ಶುರು ಮಾಡೋಣ. ಟ್ರೊಪೊನಿನ್ ಮೂರು ಪ್ರೋಟೀನ್‌ಗಳ ಕೂಟ. ಸಿ ಕ್ಯಾಲ್ಸಿಯಂ ಹಿಡಿಯುತ್ತದೆ, ಐ ಸಂಕೋಚನವನ್ನು ತಡೆದು ನಿಲ್ಲಿಸುತ್ತದೆ, ಟಿ ಇವೆರಡನ್ನೂ ಟ್ರೊಪೊಮಯೋಸಿನ್‌ಗೆ (ಸ್ನಾಯು ತಂತುವಿನುದ್ದಕ್ಕೂ ಇರುವ ಪ್ರೋಟೀನ್) ಕಟ್ಟಿಹಾಕುತ್ತದೆ. ಕಟ್ಟುವ ಕೆಲಸ ಟಿಯ ನಡುವಿನ ಮತ್ತು ಬಾಲದ ಭಾಗದ್ದು. ಅದು ಹಕ್ಕಿಯಿಂದ ಮನುಷ್ಯನವರೆಗೆ ಹೆಚ್ಚು ಬದಲಾಗಿಲ್ಲ. ಸ್ಪ್ಲೈಸಿಂಗ್ ಬಹುಪಾಲು ಆಟ ಆಡುವುದು ತಲೆಯ ತುದಿಯಲ್ಲಿ. ಆ ತುದಿ ನೇರವಾಗಿ ಯಾವುದನ್ನೂ ಗಟ್ಟಿಯಾಗಿ ಹಿಡಿಯದಿದ್ದರೂ, ಅದರ ವಿದ್ಯುದಾವೇಶ ಬದಲಾದರೆ ಇಡೀ ಅಣುವಿನ ನಿಲುವು ತುಸು ಬದಲಾಗುತ್ತದೆ. ಎದೆಯ ರೂಪ ಹೆಚ್ಚು ಆಮ್ಲೀಯ, ಕಾಲಿನ ರೂಪ ಅಷ್ಟಿಲ್ಲ. ಆಮ್ಲೀಯ ರೂಪ ಇರುವ ತಂತು ಕಡಿಮೆ ಕ್ಯಾಲ್ಸಿಯಂಗೇ ಸಂಕೋಚನಕ್ಕೆ ತೊಡಗುತ್ತದೆ. ಬಿರುಸಾಗಿ ದುಡಿದ ಬಿಳಿ ಸ್ನಾಯುವಿನಲ್ಲಿ ಪಿಎಚ್ ಇಳಿದಾಗ ಕ್ಯಾಲ್ಸಿಯಂ ಹಿಡಿತ ಸಡಿಲವಾಗುತ್ತದೆ. ಆಗ ಈ ರೂಪ ತಾಳಿಕೊಳ್ಳುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಗೌಜಲಕ್ಕಿ ಹೊಲದ ಬದುವಿನಿಂದ ಪುರ್ರನೆ ಎದ್ದು ಐವತ್ತು ಮಾರು ದೂರದಲ್ಲಿ ಇಳಿದುಬಿಡುವುದನ್ನು ನೋಡಿದವರಿಗೆ ಆ ಬಿಳಿ ಸ್ನಾಯು ಎಂಥ ಕೆಲಸಕ್ಕೆ ಎಂಬುದು ಗೊತ್ತು.

ಟಿಎಕ್ಸ್ ತುಂಡು ತಾಮ್ರ, ನಿಕಲ್, ಸತು, ಕೋಬಾಲ್ಟ್ ಅಯಾನುಗಳನ್ನು ಹಿಡಿಯುತ್ತದೆ. ಇದು ಪ್ರಯೋಗಾಲಯದವರಿಗೆ ಉಪಕಾರ. ಹಿಸ್ಟಿಡಿನ್ ಬಾಲ ಹಚ್ಚದೆಯೇ ಎದೆಯ ಟ್ರೊಪೊನಿನ್ ಟಿಯನ್ನು ಲೋಹದ ಕಾಲಂ ಮೇಲೆ ಹಿಡಿದು ಶುದ್ಧ ಮಾಡಬಹುದು. ಕಾಲಿನ ರೂಪ ಹಾಗೆ ಅಂಟುವುದಿಲ್ಲ. ಮೂರನೇ ಪ್ರಶ್ನೆಗೆ ಇದೂ ಒಂದು ಉತ್ತರ.

ಜ್ಞಾನಗಂಗಾ ವಿದ್ಯಾರ್ಥಿ

ಮೇಡಂ, ವೆಸ್ಟರ್ನ್ ಬ್ಲಾಟ್ (ಜೆಲ್ ಮ್ಯಾಲ ಬಿಡಿಸಿದ ಪ್ರೋಟೀನನ್ನ ಆಂಟಿಬಾಡಿಯಿಂದ ಗುರುತಿಸೂದು) ಸಾಕಾಗ್ತದಾ? ಮತ್ತ 5ನೇ ಎಕ್ಸಾನ್ ಸೇರಿಸ್ರಿ, ಬಿಡ್ರಿ ಅಂತ ಹೇಳೋರು ಯಾರು? ಜೀನ್ ಎಲ್ಲಾ ಕೋಶದಾಗೂ ಒಂದೇ ಅಲ್ಲೇನ್ರಿ?

ಬೀದರ ಪಶುವೈದ್ಯೆ

ವೆಸ್ಟರ್ನ್ ಸಾಕು, ಆದರೆ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕಡಿದ ಮೇಲೆ ಮಾಂಸ ಮೆತ್ತಗಾಗುವಾಗ ಟ್ರೊಪೊನಿನ್ ಟಿ ಒಡೆದು ಸುಮಾರು 30 ಕಿಲೊಡಾಲ್ಟನ್ ತುಂಡು ಬರುತ್ತದೆ. ಮಾಂಸ ತಂತ್ರಜ್ಞಾನದವರು ಮಾಂಸ ಎಷ್ಟು ಹದಕ್ಕೆ ಬಂದಿದೆ ಎಂದು ಅಳೆಯುವುದೇ ಆ ಬ್ಯಾಂಡಿನಿಂದ. ಕತ್ತರಿಸುವುದು ಕ್ಯಾಲ್ಪೈನ್ ಎಂಬ ಕಿಣ್ವ, ಅದಕ್ಕೆ ಕ್ಯಾಲ್ಸಿಯಂ ಬೇಕು, ತಲೆಯ ತುದಿಯನ್ನೇ ಅದು ಕತ್ತರಿಸಬಲ್ಲದು. ಅಂದರೆ ಸ್ಪ್ಲೈಸಿಂಗ್‌ನಿಂದ ವ್ಯತ್ಯಾಸವಾಗುವ ಭಾಗವೇ ಹೋಗಿಬಿಡುತ್ತದೆ. ಗಂಟೆಗಟ್ಟಲೆ ಇಟ್ಟ ಎದೆ ಮಾಂಸದಲ್ಲಿ ಕಾಣುವ ಕೆಳಗಿನ ಬ್ಯಾಂಡನ್ನು 'ಕಾಲಿನ ರೂಪ' ಎಂದು ಬರೆದರೆ ಇಡೀ ಅಧ್ಯಾಯ ತಪ್ಪು.

ತಪ್ಪಿಸಲು ಸಣ್ಣ ತುಂಡನ್ನು ಕೂಡಲೇ ಬಿಸಿ ಎಸ್‌ಡಿಎಸ್ ಬಫರ್‌ನಲ್ಲೇ ಅರೆದು 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ. ತಡವಾಗುವುದಿದ್ದರೆ ಬಫರ್‌ನಲ್ಲಿ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಮತ್ತು ಪ್ರೋಟಿಯೇಸ್ ತಡೆಗಳಿರಲಿ. ಬಾಲದ ಭಾಗವನ್ನು ಗುರುತಿಸುವ ಆಂಟಿಬಾಡಿ ಆರಿಸಿಕೊಳ್ಳಿ, ಎಲ್ಲ ರೂಪವೂ ಕಾಣಬೇಕಲ್ಲ. ಆಮ್ಲೀಯ ಪ್ರೋಟೀನ್ ಎಸ್‌ಡಿಎಸ್ ಜೆಲ್‌ನಲ್ಲಿ ಲೆಕ್ಕದ ತೂಕಕ್ಕಿಂತ ಮೇಲೆ ನಿಲ್ಲುವುದುಂಟು, ಹಾಗಾಗಿ ಬ್ಯಾಂಡಿನ ತೂಕದಿಂದ ಎಕ್ಸಾನ್ ಎಣಿಸಬೇಡಿ. ಎರಡು ಆಯಾಮದ ಜೆಲ್ ಮಾಡಿದರೆ ಫಾಸ್ಫೇಟ್ ಸೇರಿದ್ದೂ ಬೇರೆ ಚುಕ್ಕೆಯಾಗಿ ಕಾಣುತ್ತದೆ. ಫಾಸ್ಫಟೇಸ್ (ಫಾಸ್ಫೇಟ್ ತೆಗೆಯುವ ಕಿಣ್ವ) ಹಾಕಿ ನೋಡಿ, ಚುಕ್ಕೆ ಒಂದಾದರೆ ಅದು ಸ್ಪ್ಲೈಸಿಂಗ್ ಅಲ್ಲ.

ಯಾದಗಿರಿ ಮೇಷ್ಟ್ರು

ಎರಡನೇ ಪ್ರಶ್ನೆ ನನಗಿರಲಿ. ಇಂಟ್ರಾನ್ ಸಾಮಾನ್ಯವಾಗಿ ಜಿ-ಯು ಅಕ್ಷರದಿಂದ ಶುರುವಾಗಿ ಎ-ಜಿಯಲ್ಲಿ ಮುಗಿಯುತ್ತದೆ. ಶುರುವನ್ನು ಯು1 ಎಂಬ ಕಣ ಹಿಡಿಯುತ್ತದೆ. ಕೊನೆಯ ಹತ್ತಿರದ ಕವಲು ಬಿಂದುವಿನಲ್ಲಿ ಯು2 ಕೂಡುತ್ತದೆ, ಅದಕ್ಕೆ ದಾರಿ ಮಾಡಿಕೊಡುವುದು ಯು2ಎಎಫ್. ಸಾಮಾನ್ಯ ಎಕ್ಸಾನ್ ನೂರೈವತ್ತು ಅಕ್ಷರದಷ್ಟಿರುತ್ತದೆ, ಅದರ ಎರಡೂ ತುದಿಯಲ್ಲಿ ಈ ದೊಡ್ಡ ಕಣಗಳು ಆರಾಮಾಗಿ ಕೂರುತ್ತವೆ. 30 ಅಕ್ಷರದ ಎಕ್ಸಾನಿನಲ್ಲಿ ಇಬ್ಬರಿಗೂ ಜಾಗ ಸಾಲದು, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆದ್ದರಿಂದ ಯಾರೂ ಸಹಾಯ ಮಾಡದಿದ್ದರೆ 5ನೇ ಎಕ್ಸಾನ್ ಬಿಟ್ಟುಹೋಗುವುದೇ ಸಹಜ.

ಸಹಾಯ ಮಾಡುವವರು ಸಿಇಎಲ್‌ಎಫ್ ಕುಟುಂಬದ ಪ್ರೋಟೀನ್‌ಗಳು. ಎಕ್ಸಾನಿನ ಎರಡೂ ಬದಿಯ ಇಂಟ್ರಾನ್‌ನಲ್ಲಿ ಸ್ನಾಯುವಿಗೆಂದೇ ಇರುವ ವರ್ಧಕ ತಾಣಗಳಿವೆ, ಸಿಇಎಲ್‌ಎಫ್ ಅಲ್ಲಿ ಕೂತು ಎಕ್ಸಾನನ್ನು ಒಳಗೆ ಎಳೆಯುತ್ತದೆ. ಎದುರಾಳಿಗಳು ಎಂಬಿಎನ್‌ಎಲ್ ಮತ್ತು ಪಿಟಿಬಿ, ಅವು ಹೊರಗೆ ತಳ್ಳುತ್ತವೆ. ಭ್ರೂಣದ ಹೃದಯದಲ್ಲಿ ಸಿಇಎಲ್‌ಎಫ್ ಮೇಲುಗೈ, ಬೆಳೆದಂತೆ ಅದು ಇಳಿದು ಎಂಬಿಎನ್‌ಎಲ್ ಕೈ ಮೇಲಾಗುತ್ತದೆ. ಜೀನ್ ಎಲ್ಲ ಕೋಶದಲ್ಲೂ ಒಂದೇ, ಈ ಪ್ರೋಟೀನ್‌ಗಳ ಪ್ರಮಾಣ ಒಂದೇ ಅಲ್ಲ.

ಮಯೋಟಾನಿಕ್ ಡಿಸ್ಟ್ರೊಫಿ ಎಂಬ ಮನುಷ್ಯರ ಕಾಯಿಲೆಯಲ್ಲಿ ಇದೇ ತಕ್ಕಡಿ ವಾಲುತ್ತದೆ. ಉದ್ದಕ್ಕೆ ಬೆಳೆದ ಸಿ-ಯು-ಜಿ ಪುನರಾವರ್ತನೆಯ ಆರ್‌ಎನ್‌ಎ ಎಂಬಿಎನ್‌ಎಲ್ ಅನ್ನು ಕಟ್ಟಿಹಾಕುತ್ತದೆ, ಬೆಳೆದ ಹೃದಯವೂ ಭ್ರೂಣದ ರೂಪ ಹೊಲಿಯತೊಡಗುತ್ತದೆ. ಕೋಳಿಯ ಈ ಪುಟ್ಟ ಎಕ್ಸಾನನ್ನು ಇಷ್ಟು ವರ್ಷ ಬೆನ್ನುಹತ್ತಿದ್ದರಿಂದ ಆ ಕಾಯಿಲೆಯನ್ನು ತಿಳಿಯಲು ದಾರಿ ಸಿಕ್ಕಿತು. ಮೂಲ ವಿಜ್ಞಾನದಿಂದ ಏನು ಉಪಯೋಗ ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಬೇಕು.

ಕೋಳಿಯ ಬೀಟಾ ಟ್ರೊಪೊಮಯೋಸಿನ್‌ನಲ್ಲಿ ಬೇರೆ ಉಪಾಯ ಇದೆ: 6ಎ ಅಥವಾ 6ಬಿ, ಎರಡರಲ್ಲಿ ಒಂದೇ. ಎಳೆಯ ಮಯೋಬ್ಲಾಸ್ಟ್ ಕೋಶದಲ್ಲಿ 6ಬಿಯ ಸುತ್ತ ಆರ್‌ಎನ್‌ಎಯೇ ಮಡಚಿಕೊಂಡು ಅದನ್ನು ಮುಚ್ಚಿಡುತ್ತದೆ, 6ಎ ಆಯ್ಕೆಯಾಗುತ್ತದೆ. ಕೋಶಗಳು ಕೂಡಿ ಸ್ನಾಯು ತಂತುವಾದಾಗ 6ಬಿ ಬರುತ್ತದೆ.

ಜೆಲ್ ಬಸು

ಕೊನೀಗೆ ಎರಡು ಮಾತು. ಜೀನೋಮ್ ಬ್ರೌಸರ್ ನೋಡಿ ಪ್ರೈಮರ್ ಮಾಡೋ ಮುಂಚೆ ಸಿಡಿಎನ್‌ಎ ಸೀಕ್ವೆನ್ಸ್ ಹಚ್ಚಿ ನೋಡ್ರಿ. ಕೋಳಿ ಜೀನೋಮ್ 2004ರಿಂದ ಅದ, ಆದ್ರ 15-30 ಅಕ್ಷರದ ಎಕ್ಸಾನ್ ಕಂಪ್ಯೂಟರ್ ಗುರುತಿನಾಗ ತಪ್ಪಿಹೋಗ್ತಾವ.

ದ್ರವ ಸಾರಜನಕ ಬೇಕಂದ್ರ ಕೃತಕ ಗರ್ಭಧಾರಣೆ ಕೇಂದ್ರದಾಗ ಕೇಳ್ರಿ. ಅವರ ವೀರ್ಯದ ಸ್ಟ್ರಾ ಇರೋ ಜಾಡಿಯಾಗ ನಿಮ್ಮ ಟ್ಯೂಬ್ ಇಳಿಬಿಡಬ್ಯಾಡ್ರಿ, ಬೇರೆ ಥರ್ಮಾಕೋಲ್ ಡಬ್ಬಿಯಾಗ ಹಾಕಿಸ್ಕೊಂಡು ಬರ್ರಿ. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಅನಿಲ ಆಗಿ ಸಿಡೀತದ. ಕಾರಿನಾಗ ತರೂದಿದ್ರ ಕಿಟಕಿ ತೆಗೆದಿರ್ರಿ.

ಜ್ಞಾನಗಂಗಾ ವಿದ್ಯಾರ್ಥಿ

ಹಂಗಾದ್ರ ಹೃದಯದ 5ನೇ ಎಕ್ಸಾನ್ ಮೊದಲು. 10 ದಿನದ ಭ್ರೂಣದ ಹೃದಯ, ಬೆಳೆದ ಕೋಳಿಯ ಹೃದಯ, ಎರಡಕ್ಕೂ ಮೂರ್ಮೂರು, 24 ಸೈಕಲ್ಲಿನಿಂದ ಶುರು. ಭ್ರೂಣಕ್ಕ ಪ್ರಾಣಿ ನೀತಿ ಸಮಿತಿ ಒಪ್ಪಿಗಿ ಬೇಕೇನ್ರಿ ಮೇಡಂ?

ಬೀದರ ಪಶುವೈದ್ಯೆ

ಮೊಟ್ಟೆ ಒಡೆಯುವ ಮುಂಚೆಯೇ ನಿಮ್ಮ ವಿಭಾಗದ ಸಮಿತಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರ ಫೈಲಿನಲ್ಲಿರಲಿ. ಮೊಟ್ಟೆ ಹ್ಯಾಚರಿಯ ಫಲವತ್ತಾದ ಮೊಟ್ಟೆಯೇ ಆಗಬೇಕು, ಅಂಗಡಿಯದ್ದು ನಡೆಯುವುದಿಲ್ಲ. 37.5 ಡಿಗ್ರಿ ಇಡಿ, ದಿನಕ್ಕೆ ಮೂರು ಸಲ ತಿರುಗಿಸಿ, 5ನೇ ದಿನ ಬೆಳಕಿಗೆ ಹಿಡಿದು ರಕ್ತನಾಳ ಕಾಣದವನ್ನು ತೆಗೆದುಬಿಡಿ. 10ನೇ ದಿನದ ಹೃದಯ ಬಹಳ ಚಿಕ್ಕದು, ಒಂದರಿಂದ 50 ಮಿಲಿಗ್ರಾಂ ಸಿಗುವುದಿಲ್ಲ. ನಾಲ್ಕೈದು ಸೇರಿಸಿ ಒಂದು ಮಾದರಿ ಎಂದು ಎಣಿಸಿ, ಮೂರು ಮಾದರಿಗೆ ಹದಿನೈದು ಭ್ರೂಣ ಲೆಕ್ಕ. ಕೆಲವು ಮೊಟ್ಟೆ ಕೆಡುತ್ತವೆ, ಎರಡು ಡಜನ್ ತನ್ನಿ.